‘ಹೋಗಿ ಬರ್ತೀನಿ’ ಎಂಬ ಬಟನ್

ಯಾರಾದರೂ ಪಾಸ್‌ವರ್ಡ್ ಒತ್ತಲು ಶುರು ಮಾಡಿದರೆ ನಮ್ಮ ಸರ್ ಗೋಡೆಯ ಕಡೆ ಮುಖ ತಿರುಗಿಸಿಬಿಡುತ್ತಿದ್ದರು. ಎದುರಿಗಿರುವವರು ಮಾಲೀಕರಿರಲಿ, ಸ್ವಂತ ಹೆಂಡತಿಯಿರಲಿ, ಅದೇ ಶಿಸ್ತು. ಒಮ್ಮೆ ಕೊಪ್ಪಳದ ಎಟಿಎಂನಲ್ಲಿ ಮುದುಕಿಯೊಬ್ಬಳು ಕಾರ್ಡು ಇವರ ಕೈಗೆ ಕೊಟ್ಟು, “ತಮ್ಮಾ, ನಂಬರ ಹೇಳ್ತೀನಿ, ಒತ್ತು” ಅಂದಳು. ಇವರು ಕಿವಿ ಮುಚ್ಚಿಕೊಂಡು ಹೊರಗೆ ಓಡಿಬಂದರು. ಆಮೇಲೆ ಪಾಪ ಎನಿಸಿ ಮತ್ತೆ ಒಳಗೆ ಹೋದರು. ಯಾವ ಗುಂಡಿ ಎಲ್ಲಿದೆ ಎಂದು ಆಕೆಗೆ ತೋರಿಸಿಕೊಟ್ಟು, ತಾವು ಗೋಡೆ ನೋಡುತ್ತ ನಿಂತರು. ಹೊರಗೆ ಸಾಲಿನಲ್ಲಿ ನಿಂತಿದ್ದ ನಾನು ಇದನ್ನೆಲ್ಲ ನೋಡಿ ನಕ್ಕಿದ್ದೆ.

ಸರ್ ಕಳೆದ ತಿಂಗಳು ತೀರಿಕೊಂಡರು. ಅವರ ಬಗ್ಗೆ ನಾಲ್ಕು ಮಾತು ಬರೆಯಬೇಕೆಂದು ಕುಳಿತವಳಿಗೆ ಮೊದಲು ಎದುರಾದದ್ದೇ ಹೆಸರಿನ ಸಮಸ್ಯೆ. ಹೆಸರು ಬರೆದರೆ ಇನ್ನೊಬ್ಬರ ಬದುಕಿಗೆ ಕುತ್ತು. ಬರೆಯದಿದ್ದರೆ ಇಂಥ ಮನುಷ್ಯ ಇದ್ದ ಎಂದು ಯಾರಿಗೆ ಹೇಳಿದಂತಾಯಿತು? ಕೊನೆಗೆ ಹೆಸರು ಬಿಟ್ಟೇ ಬರೆಯುತ್ತಿದ್ದೇನೆ. ಯಾಕೆ ಅಂತ ಓದುತ್ತ ಹೋದರೆ ನಿಮಗೇ ತಿಳಿಯುತ್ತದೆ.

ಮೊದಲು ಅವರು ಗಂಗಾವತಿಯ ಒಂದು ಡಿಪ್ಲೊಮಾ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದರು. ಅದನ್ನು ಬಿಟ್ಟು ಕೊಪ್ಪಳದಲ್ಲಿ ಒಂದು ಟೇಲರ್ ಅಂಗಡಿಯ ಮೇಲಿನ ಕೋಣೆ ಹಿಡಿದು ಕಂಪನಿ ಮಾಡಿದರು. ಕಂಪನಿ ಅಂದರೆ ಅವರು ಮತ್ತು ನಾನು. ನಾನು ದಿನಾ ಕುಷ್ಟಗಿಯಿಂದ ಬಸ್ಸಿನಲ್ಲಿ ಬಂದು ಫೋನು ಎತ್ತುತ್ತಿದ್ದೆ, ಬೈಗುಳ ತಿನ್ನುತ್ತಿದ್ದೆ. ಅವರು ಕೋಡು ಬರೆಯುತ್ತಿದ್ದರು. ನಮ್ಮ ತಂತ್ರಾಂಶ ರಕ್ತಪರೀಕ್ಷೆ ಮಾಡುವ ಲ್ಯಾಬುಗಳಿಗಾಗಿ ಇತ್ತು. ಕೊಪ್ಪಳ, ಯಲಬುರ್ಗಾ, ಕುಷ್ಟಗಿ, ಗಂಗಾವತಿ, ಕಾರಟಗಿ, ಹೀಗೆ ಬೇರೆ ಬೇರೆ ಊರಿನ ಲ್ಯಾಬುಗಳು ಒಂದೇ ತಂತ್ರಾಂಶವನ್ನು ಬಳಸುತ್ತಿದ್ದವು. ಆದರೆ ಒಬ್ಬರ ರಿಪೋರ್ಟು ಇನ್ನೊಬ್ಬರಿಗೆ ಕಾಣಬಾರದು.

“ಇದು ಚಾಳ ಇದ್ದಂಗ ನೋಡವಾ,” ಎಂದು ಕೆಲಸಕ್ಕೆ ಸೇರಿದ ದಿನವೇ ನನಗೆ ಹೇಳಿದ್ದರು. “ನಳ ಒಂದ, ಕರೆಂಟ ಒಂದ. ಆದ್ರ ಮನಿ ಬ್ಯಾರೆ, ಒಲಿ ಬ್ಯಾರೆ. ಒಬ್ಬರ ಮನಿ ಮಾತು ಇನ್ನೊಬ್ಬರಿಗೆ ಕೇಳಿಸಿತೋ, ಕಟ್ಟಿದವನ ತಪ್ಪು ಅದು. ಇದ್ದವರದಲ್ಲ.”

ಪಾಸ್‌ವರ್ಡ್ ಕೊಟ್ಟವರಿಗೆ ತಂತ್ರಾಂಶ ಕೊಡುವ ಟೋಕನ್ ಎಂದರೆ ಏನು ಎಂದು ಕೇಳಿದ್ದಕ್ಕೆ ನನ್ನ ಬಸ್ ಪಾಸನ್ನೇ ಕೈಗೆ ತೆಗೆದುಕೊಂಡು ಅದರ ಮೇಲಿನ ಮುದ್ರೆ ತೋರಿಸಿದರು. “ಇದರ ಮ್ಯಾಲಿನ ಶಿಕ್ಕಾ ಖರೆ ಐತಿ, ಹೌದಿಲ್ಲೋ? ಆದ್ರ ಕುಷ್ಟಗಿ ಪಾಸ ತೋರಿಸಿ ಗಂಗಾವತಿ ಬಸ್ಸಿನ್ಯಾಗ ಕುಂತ್ರ ಕಂಡಕ್ಟರ ಸುಮ್ನಿರ್ತಾನೇನು? ಭಾಳ ಮಂದಿ ಶಿಕ್ಕಾ ಅಷ್ಟ ನೋಡಿ ಒಳಗ ಬಿಡ್ತಾರ. ರೂಟ್ ನೋಡಂಗಿಲ್ಲ. ನಾವು ಎರಡೂ ನೋಡಬೇಕು.”

ಅವರು ನೋಡುತ್ತಲೂ ಇದ್ದರು. ಬೆಳಿಗ್ಗೆ ಬಂದವರೇ ಕುಷ್ಟಗಿ ಲ್ಯಾಬಿನ ಟೋಕನ್ ಹಿಡಿದು ಗಂಗಾವತಿಯ ಲ್ಯಾಬಿಗೆ ನುಗ್ಗಲು ಪ್ರಯತ್ನಿಸುತ್ತಿದ್ದರು. ಪರದೆಯ ಮೇಲೆ ‘ನಿಮಗೆ ಪ್ರವೇಶವಿಲ್ಲ’ ಎಂದು ಬಂದರೆ ಮುಖ ಅರಳುತ್ತಿತ್ತು. “ನನ್ನ ಹೊರಗ ಹಾಕ್ತು!” ಎಂದು ಖುಷಿಯಿಂದ ಕೂಗಿ ಆಮೇಲೆಯೇ ಚಹಾ ತರಿಸುತ್ತಿದ್ದರು. ತನ್ನನ್ನು ತಾನು ಹೊರಗೆ ಹಾಕಿಸಿಕೊಂಡು ಸಂತೋಷಪಡುವ ಇನ್ನೊಬ್ಬ ಗಂಡಸನ್ನು ನಾನಂತೂ ನೋಡಿಲ್ಲ.

ಇನ್ನು ಬಟನ್ನಿನ ವಿಷಯ. ಕೆಲಸ ಮುಗಿದ ಮೇಲೆ ಒತ್ತಬೇಕಾದ ಬಟನ್ ಮೇಲೆ ಮೊದಲು ‘ಹೊರಹೋಗಿ’ ಎಂದು ಬರೆದಿತ್ತು. ಅದನ್ನು ಯಾರೂ ಮುಟ್ಟುತ್ತಿರಲಿಲ್ಲ. ಗಂಗಾವತಿಯ ಲ್ಯಾಬ್ ಮಾಲೀಕರು ನನಗೆ ಫೋನ್ ಮಾಡಿ ರೇಗಿದರು. “ಮುಂಜಾನಿ ಕಂಪ್ಯೂಟರ ಹಚ್ಚಿದ್ರ ಸಾಕು, ಹೊರಹೋಗಿ, ಹೊರಹೋಗಿ ಅಂತೈತಲ್ಲ! ನನ್ನ ಅಂಗಡ್ಯಾಗಿಂದ ನಾ ಎಲ್ಲಿ ಹೋಗ್ಲವಾ?” ನಾನು ಇದನ್ನು ಅಣಕಿಸಿ ಹೇಳಿದರೆ ಸರ್ ನಗಲಿಲ್ಲ. “ಖರೆ ಐತಲ್ಲ. ನಾವು ಯಾರ ಮನಿಯಿಂದರೆ ಎದ್ದು ಹೊಂಟಾಗ ಹೋಗ್ತೀನಿ ಅಂತೀವೇನು? ಬರ್ತೀನಿ ಅಂತೀವಿ” ಎಂದು ಅಂದೇ ಆ ಬಟನ್ ಮೇಲೆ ‘ಹೋಗಿ ಬರ್ತೀನಿ’ ಎಂದು ಬರೆದರು. ಅಲ್ಲಿಂದ ಮುಂದೆ ಎಲ್ಲರೂ ಒತ್ತತೊಡಗಿದರು. ಯಲಬುರ್ಗಾದ ಒಬ್ಬ ಹಿರಿಯರಂತೂ ಕಂಪ್ಯೂಟರಿಗೆ ಕೈಮುಗಿದು ಒತ್ತುತ್ತಿದ್ದರಂತೆ.

ಅದೇ ಹೊತ್ತಿಗೆ ಟೆಕ್ನಿಶಿಯನ್ ಅಕ್ಕನ ಪ್ರಸಂಗ ನಡೆಯಿತು. ಆಕೆ ಬೆಳಿಗ್ಗೆ ಕೊಪ್ಪಳದ ಲ್ಯಾಬಿನಲ್ಲಿ, ಮಧ್ಯಾಹ್ನ ಬಸ್ಸು ಹಿಡಿದು ಹೋಗಿ ಯಲಬುರ್ಗಾದ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದಳು. ನಮ್ಮ ಕಡೆ ರಕ್ತ ತೆಗೆಯಲು ಕಲಿತವರು ಕಡಿಮೆ. ಹೀಗೆ ಎರಡು ಊರು ಓಡಾಡುವವರೇ ಬಹಳ. ಲ್ಯಾಬಿಗೊಂದು ಪಾಸ್‌ವರ್ಡ್ ಇದ್ದುದರಿಂದ ಆಕೆಗೆ ಅದು ಇಲ್ಲಿ, ಇದು ಅಲ್ಲಿ ಆಗಿ, ತಪ್ಪು ಒತ್ತಿ ತಂತ್ರಾಂಶದ ಬಾಗಿಲು ಬಂದ್ ಆಗುತ್ತಿತ್ತು. ಡೆಂಗಿ ಜೋರಾಗಿದ್ದ ಕಾಲ. ಒಂದು ಮಗುವಿನ ರಿಪೋರ್ಟು ಒಳಗೆ ಸಿಕ್ಕಿಕೊಂಡಿದೆ, ತಾಯಿ ಹೊರಗೆ ಅಳುತ್ತ ನಿಂತಿದ್ದಾಳೆ, ಅಕ್ಕನಿಗೆ ಒಳಗೆ ಹೋಗಲು ಆಗುತ್ತಿಲ್ಲ. ಫೋನಿನಲ್ಲಿ ಆಕೆಯೂ ಅತ್ತಳು. ಮಗು ಉಳಿಯಿತು, ಆದರೆ ಸರ್ ಆ ದಿನ ಊಟ ಮಾಡಲಿಲ್ಲ.

ಆಮೇಲೆ ಅವರು ಹೆಬ್ಬಾಗಿಲು ಕಟ್ಟಿದರು. ಅಂದರೆ, ಒಮ್ಮೆ ಪಾಸ್‌ವರ್ಡ್ ಕೊಟ್ಟರೆ ಸಾಕು, ನೀವು ಕೆಲಸ ಮಾಡುವ ಲ್ಯಾಬುಗಳೆಲ್ಲ ಪರದೆಯ ಮೇಲೆ ಸಾಲಾಗಿ ಕಾಣುತ್ತವೆ. ಬೇಕಾದದ್ದನ್ನು ಒತ್ತಿ ಒಳಗೆ ಹೋಗಬಹುದು. ಇದಕ್ಕೆ ಕಂಪ್ಯೂಟರಿನಲ್ಲಿ ಎರಡು ಗುರುತು ಉಳಿಯುತ್ತಿದ್ದವು. ಅವುಗಳಿಗೆ ಕುಕಿ ಎನ್ನುತ್ತಾರೆ. ಒಂದು ಹೆಬ್ಬಾಗಿಲಿನದು, ಇನ್ನೊಂದು ಆಯಾ ಲ್ಯಾಬಿನದು. ‘ಹೋಗಿ ಬರ್ತೀನಿ’ ಒತ್ತಿದಾಗ ಲ್ಯಾಬಿನ ಗುರುತು ಮಾತ್ರ ಅಳಿಯುತ್ತಿತ್ತು. ಹೆಬ್ಬಾಗಿಲಿನದನ್ನು ಸರ್ ಬೇಕೆಂದೇ ಉಳಿಸಿದ್ದರು. “ಬರ್ತೀನಿ ಅಂತ ಹೇಳಿ ಹೋದವರಿಗೆ ಬೆನ್ನ ಹಿಂದ ಚಿಲಕ ಹಾಕೂದು ಮನಷಾತನ ಅಲ್ಲ” ಎಂದರು. ಎಲ್ಲರೂ ಮೆಚ್ಚಿದರು. ಟೆಕ್ನಿಶಿಯನ್ ಅಕ್ಕ ನಮಗೆ ಎಣ್ಣೆಹೋಳಿಗೆ ಕಳಿಸಿದಳು.

ಕೆಲವು ತಿಂಗಳ ಮೇಲೆ ನನಗೆ ಒಬ್ಬ ಹೆಂಗಸಿನ ಫೋನ್ ಬಂತು. ರಿಪೋರ್ಟಿನ ಕೆಳಗೆ ನಮ್ಮ ನಂಬರ್ ಅಚ್ಚಾಗಿರುತ್ತದೆ, ಅದನ್ನು ನೋಡಿ ಮಾಡಿದ್ದಳು. ಆಕೆ ಅಳವಂಡಿಯ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವವಳು. ಅಳವಂಡಿ ಎಂದು ಬರೆದಿದ್ದೇನೆ, ಆದರೆ ಊರು ಅದಲ್ಲ; ಇಲ್ಲಿ ಬರೆದ ಬೇರೆ ಊರುಗಳ ಹೆಸರೂ ನಿಜವಲ್ಲ. ಕಾಯಿಲೆಯ ಹೆಸರನ್ನೂ ಬದಲಿಸಿದ್ದೇನೆ, ಹೆಪಟೈಟಿಸ್ ಬಿ ಎಂದಿಟ್ಟುಕೊಳ್ಳಿ. ಅಡುಗೆಯಿಂದ, ಊಟದಿಂದ ಅದು ಇನ್ನೊಬ್ಬರಿಗೆ ಹರಡುವುದಿಲ್ಲ, ನಿಶ್ಚಿಂತೆಯಿಂದ ಕೆಲಸ ಮಾಡು ಎಂದು ಡಾಕ್ಟರು ಆಕೆಗೆ ಹೇಳಿದ್ದರು.

“ನನ್ನ ರಿಪೋರ್ಟ ಯಾರಿಗೆ ತೋರಿಸೀರಿ?” ಎಂದು ಕೇಳಿದಳು. ಧ್ವನಿಯಲ್ಲಿ ಸಿಟ್ಟಿರಲಿಲ್ಲ. “ಕೊಪ್ಪಳದಾಗ ಮಾಡಿಸೀನಿ. ನನ್ನ ಗಂಡಗ ಬಿಟ್ರ ಯಾರಿಗೂ ಗೊತ್ತಿಲ್ಲ. ಈಗ ಸಾಲಿ ಹುಡುಗರು ಮನಿಯಿಂದ ಬುತ್ತಿ ತರಾಕ ಹತ್ಯಾರ. ನಿನ್ನೆ ಅನ್ನದ ಬೋಗುಣಿ ಹಂಗ ಇತ್ರಿ. ನಾ ಒಬ್ಬಾಕಿನ ಅದರ ಮುಂದ ನಿಂತಿದ್ದೆ.” ಕೆಲಸದಿಂದ ತೆಗೆಯಬೇಕೋ ಬೇಡವೋ ಎಂದು ತೀರ್ಮಾನಿಸಲು ಶಾಲಾ ಸಮಿತಿ ಬರುವ ಶನಿವಾರ ಸಭೆ ಕರೆದಿತ್ತು.

ಸರ್ ಆಗಿಂದಾಗಲೇ ಎದ್ದು, ಯಾರು ಯಾವಾಗ ಏನು ತೆರೆದರು ಎಂಬ ದಾಖಲೆ ತೆಗೆದರು. ಆ ರಿಪೋರ್ಟನ್ನು ಟೆಕ್ನಿಶಿಯನ್ ಅಕ್ಕನ ಹೆಸರಿನಲ್ಲಿ ಯಲಬುರ್ಗಾದಿಂದ ತೆರೆಯಲಾಗಿತ್ತು. ಆ ಹೊತ್ತಿಗೆ ತಾನು ಕೊಪ್ಪಳಕ್ಕೆ ಮರಳುವ ಬಸ್ಸಿನಲ್ಲಿದ್ದೆ ಎಂದು ಅಕ್ಕ ಆಣೆ ಮಾಡಿದಳು. ನಾವಿಬ್ಬರೂ ಯಲಬುರ್ಗಾಕ್ಕೆ ಹೋದೆವು. “ನೀ ದಿನಾ ಹೆಂಗ ಮಾಡ್ತೀ ಹಂಗ ಮಾಡವಾ” ಎಂದು ಸರ್ ಅಕ್ಕನಿಗೆ ಹೇಳಿದರು. ಆಕೆ ‘ಹೋಗಿ ಬರ್ತೀನಿ’ ಒತ್ತಿ, ಚೀಲ ಹೆಗಲಿಗೆ ಹಾಕಿಕೊಂಡು, ಮೆಟ್ಟಿಲು ಇಳಿದು ಹೋದಳು. ಸರ್ ಆ ಕುರ್ಚಿಯಲ್ಲಿ ಕುಳಿತು, ಪರದೆಯ ಮೇಲೆ ಕೊಪ್ಪಳದ ಲ್ಯಾಬಿನ ಹೆಸರನ್ನು ಒತ್ತಿದರು. ಪಾಸ್‌ವರ್ಡ್ ಕೇಳದೆ ಅದು ತೆರೆದುಕೊಂಡಿತು. ಊರವರ ಹೆಸರುಗಳು, ಅವರ ಕಾಯಿಲೆಗಳು ಸಾಲಾಗಿ ಬಂದವು.

ಸರ್ ಥಟ್ಟನೆ ಗೋಡೆಯ ಕಡೆ ತಿರುಗಿದರು. “ಮುಚ್ಚವಾ, ಮುಚ್ಚು ಅದನ್ನ” ಎಂದು ನನಗೆ ಹೇಳಿದರು. ನಾನು ಮುಚ್ಚಿದ ಮೇಲೂ ಆಚೆಯೇ ಮುಖ ಮಾಡಿ ಕುಳಿತಿದ್ದರು.

ಆ ಲ್ಯಾಬಿನ ಕೌಂಟರಿನಲ್ಲಿ ಮಾಲೀಕರ ಷಡ್ಡಕ ಕೂರುತ್ತಿದ್ದ. ನಡುವಯಸ್ಸಿನ, ಮನೆಮಂದಿಯ ಮೇಲೆ ಜೀವವಿಟ್ಟುಕೊಂಡಿದ್ದ ಮನುಷ್ಯ. ಕೇಳಿದ ಕೂಡಲೇ ಒಪ್ಪಿಕೊಂಡ. “ತೆರದಿತ್ರಿ, ನೋಡಿದೆ. ಅಳವಂಡಿ ಅಂತ ಕಂಡ್ತು. ನಮ್ಮಕ್ಕನ ಮಕ್ಕಳು ಅದ ಸಾಲ್ಯಾಗ ಉಣ್ತಾವು. ಗೊತ್ತಾದ ಮ್ಯಾಲೆ ಹೆಂಗ ಸುಮ್ನಿರ್ಲಿ? ನೀವ ಹೇಳ್ರಿ.” ಅವನನ್ನು ಬೈಯಬೇಕೆಂದು ನಾಲಿಗೆ ತುದಿಯಲ್ಲಿತ್ತು. ಸರ್ ನನ್ನನ್ನು ತಡೆದರು. “ತಪ್ಪು ಅವಂದಲ್ಲ ಬಿಡವಾ. ಬಾಗಲಾ ತೆರೆದಿಟ್ಟಾಂವ ನಾ” ಎಂದರು.

ಸಂಜೆಯೊಳಗೆ ಅವರು ಅದನ್ನು ಸರಿಪಡಿಸಿದರು. ಇನ್ನು ಮುಂದೆ ಆ ಬಟನ್ ಒತ್ತಿದರೆ ಎರಡೂ ಗುರುತು ಅಳಿಯಬೇಕು, ಹೆಬ್ಬಾಗಿಲೂ ಮುಚ್ಚಬೇಕು. ಅದರ ಮೇಲಿದ್ದ ‘ಹೋಗಿ ಬರ್ತೀನಿ’ ಎಂಬ ಮಾತನ್ನೂ ತೆಗೆದು ‘ಮುಗಿಸಿ’ ಎಂದು ಬರೆದರು. ಎರಡೂ ಲ್ಯಾಬಿನ ಮಾಲೀಕರಿಗೆ ನಡೆದದ್ದನ್ನು ಹೇಳಿದರು. ಇಬ್ಬರ ಉತ್ತರವೂ ಒಂದೇ: “ಸರಿ ಮಾಡೀರಿಲ್ಲೋ, ಮುಗೀತು. ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ.” ಸರ್ ಮಾತ್ರ ಮರುದಿನ ನನ್ನನ್ನು ಕರೆದುಕೊಂಡು ಆ ಹೆಣ್ಣುಮಗಳ ಮನೆಗೆ ಹೋದರು.

ಆಕೆ ಚಹಾ ಮಾಡಿ ತಂದವಳು ಲೋಟ ಮುಂದೆ ಇಡಲು ಹಿಂಜರಿದಳು. ಸರ್ ಆಕೆಯ ಕೈಯಿಂದಲೇ ಇಸಿದುಕೊಂಡು ಕುಡಿದರು, ಇನ್ನೊಂದು ಅರ್ಧ ಲೋಟ ಕೇಳಿ ಹಾಕಿಸಿಕೊಂಡರು. ನಂತರ ಬಟನ್ನಿನ ಕಥೆಯನ್ನು ಮೊದಲಿನಿಂದ ಹೇಳಿದರು. ಬರ್ತೀನಿ ಅಂದವರಿಗೆಂದು ತೆರೆದಿಟ್ಟ ಬಾಗಿಲಲ್ಲಿ ಬೇರೆಯವರು ಹೊಕ್ಕರು, ನಿನ್ನ ಮಾತು ಹೊರಗೆ ಹೋದದ್ದು ನನ್ನಿಂದ ಎಂದರು. “ಶನಿವಾರ ನಾ ಸಭಾಕ್ಕ ಬಂದು ಇದನ್ನೆಲ್ಲ ಹೇಳ್ತೀನವ್ವಾ. ಇದು ಊಟದಿಂದ ಹರಡಂಗಿಲ್ಲ ಅಂತನೂ ಹೇಳ್ತೀನಿ. ಬೇಕಾದ್ರ ಡಾಕ್ಟರ್‌ನ ಕರ್ಕೊಂಡ ಬರ್ತೀನಿ.”

ಆಕೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಕೇಳಿಸಿಕೊಂಡಳು. ಆಮೇಲೆ ಅಂದಳು: “ಅಂದ್ರ, ನನಗ ರೋಗ ಇರೂದು ಖರೆ ಅಂತ ಎಲ್ಲಾರ ಮುಂದ ಹೇಳಾವ್ರು ನೀವು.”

ಸರ್ ಚಹಾದ ಲೋಟ ಕೆಳಗಿಟ್ಟರು.

“ಡಾಕ್ಟರ ಹೇಳಿದ್ರ ತಲಿ ಅಳ್ಳಾಡಸ್ತಾರ್ರಿ. ಹುಡುಗರ ಕೈಯಾಗ ಬುತ್ತಿ ಕೊಡೂದು ಬಿಡಂಗಿಲ್ಲ. ನೀವು ಖರೆ ಹೇಳಿದ್ರ ನಿಮ್ಮ ಮನಸ ಹಗುರಾಗ್ತೈತಿ. ನನ್ನ ಒಲಿ ಹತ್ತಂಗಿಲ್ಲ.”

“ಮತ್ತ ನಾ ಏನ ಮಾಡ್ಲಿ, ನೀನ ಹೇಳವ್ವಾ.”

“ಕಂಪ್ಯೂಟರಿನ್ಯಾಗ ಹೆಸರು ಅದಲಿ ಬದಲಿ ಆಗ್ಯಾವು ಅಂತ ಹೇಳ್ರಿ. ನನಗ ಏನೂ ಇಲ್ಲ ಅನ್ರಿ. ಯಂತ್ರ ತಪ್ತು ಅಂದ್ರ ನಂಬ್ತಾರ.”

ಬಸ್ಸಿನಲ್ಲಿ ಮರಳುವಾಗ ನಾನೇ ಜಗಳ ತೆಗೆದೆ. ಹಾಗೆ ಹೇಳಿದರೆ ಹೆಸರು ಅದಲುಬದಲು ಮಾಡುವ ತಂತ್ರಾಂಶವನ್ನು ಯಾವ ಲ್ಯಾಬೂ ಇಟ್ಟುಕೊಳ್ಳುವುದಿಲ್ಲ, ಕಂಪನಿ ಮುಳುಗುತ್ತದೆ, ಅದೂ ನೀವು ಮಾಡದ ತಪ್ಪಿಗೆ ಎಂದೆ. ಸರ್ ಕಿಟಕಿಯ ಹೊರಗಿನ ಎರೆಹೊಲ ನೋಡುತ್ತಿದ್ದರು. “ಅದಲ್ಲ ನನ್ನ ಚಿಂತಿ,” ಎಂದರು. “ಉಳಿದ ಮಂದಿ ರಿಪೋರ್ಟ ಖರೆ ಅದಾವು. ನಾ ಹಿಂಗ ಹೇಳಿದ್ರ ಅವರು ಅದನ್ನ ನಂಬ್ತಾರೇನವಾ?”

ಶನಿವಾರ ಶಾಲೆಯ ಪಡಸಾಲೆಯಲ್ಲಿ ಸಭೆ ಸೇರಿತು. ಸರ್ ಎದ್ದು ನಿಂತು, ಹೆಸರು ಅದಲುಬದಲಾಗಿವೆ, ಈಕೆಗೆ ಏನೂ ಇಲ್ಲ, ತಪ್ಪು ಪೂರ್ತಿ ನನ್ನದು ಎಂದರು. ಒಬ್ಬ ಮೇಲೆದ್ದು ಬಂದು ಅಂಗಿ ಹಿಡಿದ. “ಒಬ್ಬ ಹೆಣಮಗಳ ಮಾನ ಕಳದೀರಲ್ರಿ! ನಾಚಿಕಿ ಆಗಂಗಿಲ್ಲೇನು?” ಎಂದ. ಸರ್ ತಲೆ ತಗ್ಗಿಸಿದರು. ಜನ ನಂಬಿದ್ದು ಅದಕ್ಕೇ. ಸರ್‌ಗೆ ನಾಚಿಕೆಯಾದದ್ದು ನಿಜ, ಅದರ ಕಾರಣ ಮಾತ್ರ ಬೇರೆ ಇತ್ತು. ಸೋಮವಾರ ಬುತ್ತಿಗಳು ನಿಂತವು. ಆಕೆ ಇವತ್ತಿಗೂ ಅದೇ ಒಲೆಯ ಮುಂದೆ ಇದ್ದಾಳೆ.

ಸುದ್ದಿ ಸುತ್ತಲ ತಾಲೂಕುಗಳಿಗೆಲ್ಲ ಹಬ್ಬಿತು. ಕಾರಟಗಿಯ ಲ್ಯಾಬು ಮೊದಲು ನಮ್ಮನ್ನು ಬಿಟ್ಟಿತು, ಹಿಂದೆಯೇ ಗಂಗಾವತಿಯದು. ಅದನ್ನು ತಡೆದುಕೊಳ್ಳಬಹುದಿತ್ತು. ಆದರೆ ಫೋನುಗಳು ಶುರುವಾದವು. ಕಾರಟಗಿಯ ಒಂದು ಅಕ್ಕಿ ಗಿರಣಿಯ ಹಮಾಲ ಉಲ್ಲಾಸದಿಂದ ಕೇಳಿದ, “ಅಕ್ಕಾರ, ಹಂಗಾರ ನನ್ನ ಸಕ್ಕರಿ ರೋಗಾನೂ ಸುಳ್ಳ ಇರಬೇಕಲ್ಲ? ಗುಳಿಗಿ ಬಿಟ್ಟೀನಿ.” ಸರ್ ನನ್ನ ಕೈಯಿಂದ ಫೋನ್ ಕಸಿದುಕೊಂಡರು. “ನಿಂದು ಖರೆ ಐತಪಾ. ಗುಳಿಗಿ ತಗೋ. ನಾ ಬಂದೆ, ತಡಿ” ಎಂದು ಬಸ್ಸು ಹತ್ತಿದರು. ಅವನನ್ನು ಬೇರೊಂದು ಲ್ಯಾಬಿಗೆ ಕರೆದೊಯ್ದು ಮತ್ತೆ ರಕ್ತ ಕೊಡಿಸಿ, ಗುಳಿಗೆ ನುಂಗಿಸಿಯೇ ಮರಳಿದರು. ಎಲ್ಲರದೂ ತಪ್ಪಾಗಿ, ಅವನೊಬ್ಬನದು ಮಾತ್ರ ಖರೆ ಹೇಗಾಯಿತು ಎಂದು ಅವನು ಕೇಳಿದಾಗ ಏನು ಹೇಳಿದರೋ ನನಗೆ ಗೊತ್ತಿಲ್ಲ.

ಹೀಗೆ ಫೋನ್ ಮಾಡಿದವರ ಹತ್ತಿರವೆಲ್ಲ ಅವರು ಓಡಿದರು. ಫೋನ್ ಮಾಡದೆ ಗುಳಿಗೆ ಬಿಟ್ಟವರು ಎಷ್ಟೋ ಇದ್ದಿರಬೇಕು. “ಅವರು ಯಾರು ಅಂತ ಹೆಂಗ ಗೊತ್ತಾಗಬೇಕವಾ?” ಎಂದು ಊಟದ ಡಬ್ಬಿ ತೆರೆದಿಟ್ಟುಕೊಂಡು ಕೇಳುತ್ತಿದ್ದರು, ಉಣ್ಣದೆ ಮುಚ್ಚುತ್ತಿದ್ದರು. ಅವರು ಮಾಡಿದ್ದು ಸರಿಯೇ ಎಂದು ನನ್ನನ್ನು ಕೇಳಿದರೆ ಇವತ್ತಿಗೂ ಹೇಳಲಾರೆ. ಆ ಅಡುಗೆಯ ಹೆಣ್ಣುಮಗಳ ಮುಖ ನೆನೆದರೆ ಸರಿ ಎನಿಸುತ್ತದೆ, ಆ ಹಮಾಲನ ಉಲ್ಲಾಸದ ಧ್ವನಿ ನೆನೆದರೆ ತಪ್ಪು ಎನಿಸುತ್ತದೆ. ವರ್ಷ ತುಂಬುವುದರೊಳಗೆ ಆಫೀಸು ಮುಚ್ಚಿತು. ನಾನು ಕುಷ್ಟಗಿಯಲ್ಲೇ ಬೇರೆ ಕೆಲಸ ಹಿಡಿದೆ. ಸರ್ ಮನೆಯಲ್ಲಿ ಮಕ್ಕಳಿಗೆ ಗಣಿತ ಹೇಳಿಕೊಡುತ್ತಿದ್ದರು. ಪೇಟೆಯಲ್ಲಿ ಕಂಡವರು “ರಿಪೋರ್ಟ ಅದಲಿಬದಲಿ ಸರ್” ಎಂದು ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದರು. ನಡೆದದ್ದನ್ನು ಅವರು ಹೆಂಡತಿಗೂ ಹೇಳಲಿಲ್ಲ. ಅದು ಇನ್ನೊಬ್ಬರ ಮನೆಯ ಮಾತು, ನನ್ನದಲ್ಲ ಎಂದು ನನಗೂ ತಾಕೀತು ಮಾಡಿದ್ದರು.

ಅವರ ತಿಥಿಕಾರ್ಯಕ್ಕೆ ನಾನು ಹೋದಾಗ ಆ ಅಡುಗೆಯ ಹೆಣ್ಣುಮಗಳೂ ಬಂದಿದ್ದಳು. ಯಾರು ಹೇಳಿದರೋ ಏನೋ. ಬಂದವರೊಬ್ಬರು, “ಛಲೋ ಮನಷಾ. ಆದ್ರ ಕೆಲಸದಾಗ ಎಡವಿದ” ಎನ್ನುತ್ತಿದ್ದರು. ಅಳವಂಡಿಯ ಅಡುಗೆಯವಳು ಈಕೆಯೇ ಎಂದು ಯಾರೋ ಹೇಳಿದ್ದು ಕೇಳಿ ಸರ್ ಹೆಂಡತಿ ಆಕೆಯ ಕೈ ಹಿಡಿದುಕೊಂಡರು.

“ನಮ್ಮವರಿಂದ ನಿಮಗ ಭಾಳ ತ್ರಾಸ ಆತ್ರಿ. ಇಲ್ಲದ ರೋಗ ನಿಮ್ಮ ಹೆಸರಿಗೆ ಹಚ್ಚಿದ್ರು. ಆ ಒಂದು ತಪ್ಪು ಅವರನ್ನ ಒಳಗಿಂದೊಳಗ ತಿಂತು. ಮನಸಿನ್ಯಾಗ ಇಟ್ಕೋಬ್ಯಾಡ್ರಿ.”

ಆಕೆ ನನ್ನ ಕಡೆ ನೋಡಿದಳು. ತುಟಿ ಅಲುಗಿತು. ಸುತ್ತ ಜನ ಕುಳಿತಿದ್ದರು, ಅದರಲ್ಲಿ ಅಳವಂಡಿ ಕಡೆಯವರೂ ಇದ್ದರು. ಆಕೆ ಬಗ್ಗಿ ಸರ್ ಹೆಂಡತಿಯ ಕಾಲು ಮುಟ್ಟಿದಳು. ಅವರು ಗಾಬರಿಯಾಗಿ ಹಿಂದೆ ಸರಿದರು.

ನಮ್ಮ ಕಡೆ ಸತ್ತವರ ಮನೆಯಿಂದ ಹೊರಡುವಾಗ ಹೇಳಿ ಹೋಗುವ ಪದ್ಧತಿಯಿಲ್ಲ. ಎದ್ದು ಸುಮ್ಮನೆ ನಡೆಯಬೇಕು. ಬರ್ತೀನಿ ಎಂಬ ಮಾತಂತೂ ಬಾಯಿಂದ ಬರಲೇಬಾರದು. ಆಕೆ ಹೊಸ್ತಿಲ ತನಕ ಹಾಗೆಯೇ ಹೋದಳು. ಅಲ್ಲಿ ನಿಂತು, ಹಿಂತಿರುಗಿ, ಗೋಡೆಗೆ ತೂಗುಹಾಕಿದ್ದ ಸರ್ ಫೋಟೊಕ್ಕೆ ಕೈಮುಗಿದು, ಎಲ್ಲರಿಗೂ ಕೇಳುವಂತೆ, “ಹೋಗಿ ಬರ್ತೀನ್ರಿ ಸರ್” ಅಂದಳು.

ಒಳಗಿದ್ದ ಮುದುಕಿಯೊಬ್ಬಳು ಹಾರಿಬಿದ್ದಳು. “ಏ ಯವ್ವಾ, ಸತ್ತ ಮನ್ಯಾಗ ಬರ್ತೀನಿ ಅಂತಾರೇನು? ತಿಳಿಯಂಗಿಲ್ಲೇನು ನಿನಗ?”

“ತಿಳೀತೈತ್ರಿ” ಎಂದು ಆಕೆ ಹೊಸ್ತಿಲು ದಾಟಿ ಹೋದಳು.

ಸರ್ ಹೆಂಡತಿ ನನ್ನ ಪಕ್ಕಕ್ಕೆ ಬಂದು ಕುಳಿತರು. “ಯಾಕ ಹಂಗಂದಳವಾ ಆಕಿ?” ಎಂದು ಮೆಲ್ಲಗೆ ಕೇಳಿದರು.

ನಾನು ಗೋಡೆಯ ಕಡೆ ಮುಖ ತಿರುಗಿಸಿದೆ.